ಆನಂದರ ಇಪ್ಪತ್ತಮೂರು ನಡೆಗಳು

ಕಾವ್ಯಕ್ಕೆ ವ್ಯಾಖ್ಯಾನವಿರುವಂತೆ ಚದುರಂಗದ ಆಟಕ್ಕೂ ಟಿಪ್ಪಣಿಯುಂಟೆಂಬ ಸಂಗತಿ ನಮ್ಮ ವಾಚಕರಲ್ಲಿ ಕೆಲವರಿಗೆ ಹೊಸದಾಗಿ ತೋರಬಹುದು. ದೊಡ್ಡ ಪಂದ್ಯಾವಳಿಯ ಒಂದು ಸುತ್ತು ಮುಗಿದೊಡನೆ ಅಲ್ಲಿ ನಡೆದ ಆಟಗಳನ್ನು ನಡೆ ನಡೆಯಾಗಿ ಬರೆದು, ಪ್ರತಿಯೊಂದರ ಗುಣದೋಷಗಳನ್ನು ವಿವೇಚಿಸಿ ಪ್ರಕಟಿಸುವ ಪದ್ಧತಿ ಯೂರೋಪಿನಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಒಳ್ಳೆಯ ನಡೆಯ ಮುಂದೆ ಆಶ್ಚರ್ಯಸೂಚಕ ಚಿಹ್ನೆ. ತಪ್ಪು ನಡೆಯ ಮುಂದೆ ಪ್ರಶ್ನಾರ್ಥಕ. ಅಪೂರ್ವವಾದುದಕ್ಕೆ ಎರಡು ಆಶ್ಚರ್ಯಸೂಚಕಗಳು. 1966ರಲ್ಲಿ ಬೆಲ್‌ಗ್ರೇಡ್ ನಗರದಿಂದ ಹೊರಡತೊಡಗಿದ ‘ಚೆಸ್ ಇನ್ಫಾರ್ಮಂಟ್’ ಎಂಬ ಗ್ರಂಥಮಾಲೆಯು ಯಾವ ಭಾಷೆಯ ಹಂಗೂ ಇಲ್ಲದೆ ಬರಿಯ ಚಿಹ್ನೆಗಳಿಂದಲೇ ಟಿಪ್ಪಣಿ ಬರೆಯುವ ಕ್ರಮವನ್ನು ಜಗತ್ತಿನಾದ್ಯಂತ ರೂಢಿಗೆ ತಂದಿತು. ಅದರಿಂದ ಆದ ಉಪಕಾರ ದೊಡ್ಡದು. ಆದರೆ ಚಿಹ್ನೆಯು ತೀರ್ಪನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ‘ಇದು ಅಪೂರ್ವ’ ಎಂದಷ್ಟೇ ಹೇಳಿ ಸುಮ್ಮನಾಗುವ ಟೀಕಾಕಾರನಿಂದ ವಿದ್ಯಾರ್ಥಿಗೆ ಏನು ಪ್ರಯೋಜನ?

ಆದುದರಿಂದ ಒಂದೇ ಒಂದು ಆಟವನ್ನು ಆರಿಸಿಕೊಂಡು, ಅದರ ಕಾರಣಗಳನ್ನು ಮನೆಮಂದಿಗೆಲ್ಲ ತಿಳಿಯುವಂತೆ ಇಲ್ಲಿ ನಿರೂಪಿಸಬಯಸುವೆನು. ಅದು 2013ನೆಯ ಇಸವಿ ಜನವರಿ 15ರಂದು ಹಾಲೆಂಡಿನ ವಿಕ್ ಆನ್ ಝೀ ಎಂಬ ಗ್ರಾಮದಲ್ಲಿ, ಪಂದ್ಯಾವಳಿಯ ನಾಲ್ಕನೆಯ ಸುತ್ತಿನಲ್ಲಿ, ಅರ್ಮೇನಿಯದ ಲೆವೊನ್ ಅರೋನಿಯನ್ನರಿಗೂ ನಮ್ಮ ವಿಶ್ವನಾಥನ್ ಆನಂದರಿಗೂ ನಡೆದ ಆಟ. ಬಿಳಿಯ ಕಾಯಿಗಳು ಅರೋನಿಯನ್ನರವು, ಕಪ್ಪು ಆನಂದರವು.

ವಿಕ್ ಆನ್ ಝೀ ಉತ್ತರ ಸಮುದ್ರದ ದಂಡೆಯ ಮೇಲಿರುವ ಚಿಕ್ಕ ಊರು. ಅಲ್ಲಿಯ ಉಕ್ಕಿನ ಕಾರ್ಖಾನೆಯವರು 1938ರಲ್ಲಿ ನೆರೆಯ ಬೆವರ್‌ವೈಕ್ ಪಟ್ಟಣದಲ್ಲಿ ಆರಂಭಿಸಿದ ಈ ಪಂದ್ಯಾವಳಿ 1968ರಲ್ಲಿ ಈ ಊರಿಗೆ ಬಂದು ನೆಲೆಸಿತು. ಮೊದಲು ಹೂಗೊವೆನ್ಸ್, ಅನಂತರ ಕೋರಸ್, 2011ರಿಂದ ಟಾಟಾ ಸ್ಟೀಲ್ ಎಂದು ಅದರ ಹೆಸರು ಬದಲಾಗುತ್ತ ಬಂದಿದೆ. ಸಮಾರೋಪದ ದಿನ ಬಟಾಣಿಯ ಸಾರು ಬಡಿಸುವ ಸಂಪ್ರದಾಯವೊಂದು ಅಲ್ಲಿದೆ. ಯುದ್ಧಾನಂತರದ ಬಡತನದ ದಿನಗಳ ನೆನಪು ಅದು. ನಾಲ್ಕನೆಯ ಸುತ್ತು ಅಲ್ಲಿ ಹಿಂದೆಯೂ ಕೀರ್ತಿ ಪಡೆದಿತ್ತು. 1999ರ ಜನವರಿ 20ರಂದು ಕ್ಯಾಸ್ಪರೋವ್ ಅವರು ಟೊಪಲೋವ್ ಅವರನ್ನು ಸೋಲಿಸಿದ ಸುಪ್ರಸಿದ್ಧ ಆಟವೂ ಆ ಊರಿನ ನಾಲ್ಕನೆಯ ಸುತ್ತಿನದೇ.

ಆಗ ಆನಂದರ ಸ್ಥಿತಿ ಹೇಗಿತ್ತು ಎಂಬುದನ್ನು ಅರಿಯದೆ ಈ ಆಟದ ಮಹತ್ತ್ವ ತಿಳಿಯದು. ಅವರಿಗೆ 43 ವರ್ಷ. ವಿಶ್ವ ಚಾಂಪಿಯನ್ ಪದವಿ ಅವರಲ್ಲಿಯೇ ಇತ್ತು. ಆದರೆ 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್‌ಫಾಂಡ್ ಅವರೊಡನೆ ಆಡಿದ 12 ಆಟಗಳಲ್ಲಿ 10 ಡ್ರಾ ಆಗಿದ್ದವು. ಇಬ್ಬರೂ ಒಂದೊಂದನ್ನು ಗೆದ್ದು ಸಮನಾಗಿ, ಕೊನೆಗೆ ವೇಗದ ಆಟಗಳಲ್ಲಿ ಆನಂದರು ಪದವಿಯನ್ನು ಉಳಿಸಿಕೊಂಡಿದ್ದರು. ಪದವಿ ಉಳಿಯಿತು, ತೇಜಸ್ಸು ಉಳಿಯಲಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿತ್ತು. ಎದುರಿಗೆ ಕುಳಿತ ಅರೋನಿಯನ್ನರಾದರೋ ಆ ಕಾಲದ ಅಗ್ರಪಂಕ್ತಿಯ ಆಟಗಾರರು, ಆಕ್ರಮಣಪ್ರಿಯರು.

ಈಗ ಆಟಕ್ಕೆ ಬರೋಣ. ನಮ್ಮ ಮನೆಗಳಲ್ಲಿ ರೂಢಿಯಾದ ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂಬ ಹೆಸರುಗಳನ್ನೇ ಬಳಸುವೆನು. ಮಕ್ಕಳು ಕ್ರಮವಾಗಿ ಕ್ವೀನ್, ರೂಕ್, ಬಿಷಪ್, ನೈಟ್, ಪಾನ್ ಎಂದು ಓದಿಕೊಳ್ಳಲಿ. ಮನೆಗಳನ್ನು ಬಿಳಿಯವನ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೂ, ಬಿಳಿಯವನ ಕಡೆಯಿಂದ 1ರಿಂದ 8ರವರೆಗೂ ಎಣಿಸಬೇಕು. ಮಣೆಯೊಂದನ್ನು ಮುಂದಿಟ್ಟುಕೊಂಡು ಓದಿದರೆ ಸುಲಭ.

ಮೊದಲ ಏಳು ನಡೆಗಳು ‘ಮೆರಾನ್’ ಎಂಬ ಪ್ರಾಚೀನ ಮಾರ್ಗದಲ್ಲಿ ಸಾಗಿದವು. ಬಿಳಿಯ ಒಂಟೆ ಡಿ3ಕ್ಕೆ ಬಂದೊಡನೆ ಕಪ್ಪು ಸಿ4ರ ಕಾಲಾಳನ್ನು ಹೊಡೆಯುವುದು, ಒಂಟೆ ಅದನ್ನು ಮರಳಿ ಹೊಡೆದಾಗ ಬಿ5ಕ್ಕೆ ಕಾಲಾಳನ್ನು ನೂಕಿ ಆ ಒಂಟೆಯನ್ನು ಓಡಿಸುವುದು, ಇದು ಅದರ ಲಕ್ಷಣ. ಮೆರಾನ್ ಎಂಬುದು ಇಟಲಿಯ ಒಂದು ಪಟ್ಟಣ. 1924ರಲ್ಲಿ ಅಲ್ಲಿ ಗ್ರುನ್‌ಫೆಲ್ಡ್ ಅವರ ವಿರುದ್ಧ ಕಪ್ಪಿನಿಂದ ಈ ಮಾರ್ಗವನ್ನು ಆಡಿ ಗೆದ್ದವರು ಅಕಿಬಾ ರೂಬಿನ್‌ಸ್ಟೈನ್. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಹನ್ನೊಂದು ನಡೆಗಳಾಗುವಷ್ಟರಲ್ಲಿ ಇಬ್ಬರೂ ರಾಜರನ್ನು ಮೂಲೆಯತ್ತ ಭದ್ರಪಡಿಸಿದ್ದರು. ಆನಂದರ ಒಂಟೆಗಳು ಬಿ7 ಮತ್ತು ಡಿ6ರಲ್ಲಿ, ಆನೆಯೊಂದು ಸಿ8ರಲ್ಲಿ ಇದ್ದವು. ಹನ್ನೆರಡನೆಯ ನಡೆಯಲ್ಲಿ ಅರೋನಿಯನ್ನರು ಕುದುರೆಯನ್ನು ಜಿ5ಕ್ಕೆ ಹಾರಿಸಿದರು. ಡಿ3ರ ಒಂಟೆ, ಸಿ2ರ ಮಂತ್ರಿ, ಈ ಕುದುರೆ, ಮೂರೂ ಎಚ್7ರ ಕಾಲಾಳಿನ ಮೇಲೆ ಕಣ್ಣಿಟ್ಟವು. ಆನಂದರು ಅದರತ್ತ ತಿರುಗಿಯೂ ನೋಡಲಿಲ್ಲ. ನಡುವಿನಲ್ಲಿ ಸಿ5ಕ್ಕೆ ಕಾಲಾಳನ್ನು ನೂಕಿದರು. ಬಿಳಿಯ ಕುದುರೆ ಎಚ್7ರ ಕಾಲಾಳನ್ನು ಹೊಡೆದು, ಎಫ್8ರ ಆನೆಗೂ ಕೈಯಿಟ್ಟು ನಿಂತಿತು. ಆನಂದರು ಆನೆ ಹೋದರೆ ಹೋಗಲಿ ಎಂದು ತಮ್ಮ ಕುದುರೆಯನ್ನು ಜಿ4ಕ್ಕೆ ತಂದರು.

ಇಲ್ಲಿಂದ ಪ್ರತಿಯೊಂದು ನಡೆಗೂ ಕಾರಣವನ್ನು ಕೇಳುತ್ತ ಹೋಗಬೇಕು. ಡಿ6ರ ಒಂಟೆಯೂ ಜಿ4ರ ಕುದುರೆಯೂ ಕೂಡಿ ಬಿಳಿರಾಜನ ಪಕ್ಕದ ಎಚ್2ನ್ನು ಮುತ್ತಿವೆ. ಅರೋನಿಯನ್ನರು ಎಫ್4ಕ್ಕೆ ಕಾಲಾಳನ್ನು ನಡೆಸಿ ಒಂಟೆಯ ದಾರಿಗೆ ಅಡ್ಡಗೋಡೆ ಕಟ್ಟಿದರು. ಗೋಡೆಯೇನೋ ಆಯಿತು. ಆದರೆ ಆ ಕಾಲಾಳು ಎಫ್2ನ್ನು ಬಿಟ್ಟು ಬಂದುದರಿಂದ ರಾಜನೆಡೆಗೆ ಹೋಗುವ ಇನ್ನೊಂದು ಓರೆದಾರಿ ಸಡಿಲವಾಯಿತು. ಆನಂದರು ಡಿ4ರಲ್ಲಿ ಕಾಲಾಳು ವಿನಿಮಯ ಮಾಡಿಕೊಂಡು ಇ3ನ್ನೂ ಬರಿದು ಮಾಡಿಸಿದರು. ಹದಿನೈದನೆಯ ನಡೆಯಲ್ಲಿ ಡಿ6ರ ಒಂಟೆಯನ್ನು ಒಂದೇ ಹೆಜ್ಜೆ ಸರಿಸಿ ಸಿ5ರಲ್ಲಿ, ಬಿಳಿಯ ಕಾಲಾಳಿನ ಬಾಯಿಗೇ ಇಟ್ಟರು! ಅದನ್ನು ಡಿ4ರ ಕಾಲಾಳು ಹೊಡೆದರೆ ಡಿ7ರ ಕುದುರೆ ಸಿ5ರಲ್ಲಿ ಮರಳಿ ಹೊಡೆಯುತ್ತದೆ. ಆಗ ಕಪ್ಪು ಮಂತ್ರಿಗೆ ಡಿ4ಕ್ಕೆ ಬಂದು ರಾಜನಿಗೆ ಶಹ ಕೊಡುವ ದಾರಿ ತೆರೆಯುತ್ತದೆ.

ಅರೋನಿಯನ್ನರು ಒಂಟೆಯನ್ನು ಹೊಡೆಯದೆ ತಮ್ಮ ಒಂಟೆಯನ್ನು ಇ2ಕ್ಕೆ ಹಿಂದೆಗೆದು ಜಿ4ರ ಕುದುರೆಯನ್ನು ಪ್ರಶ್ನಿಸಿದರು. ಆಗ ಬಂದಿತು ಈ ಆಟಕ್ಕೆ ಕೀರ್ತಿ ತಂದ ನಡೆ. ಸಿ5ರ ಒಂಟೆ ಇನ್ನೂ ಅಪಾಯದಲ್ಲಿರುವಾಗಲೇ, ಎಫ್8ರ ಆನೆ ಇನ್ನೂ ಬಾಯಿಗೆ ಸಿಕ್ಕಿರುವಾಗಲೇ, ಆನಂದರು ಡಿ7ರ ಕುದುರೆಯನ್ನು ಇ5ಕ್ಕೆ ನೆಗೆಸಿದರು. ಅಲ್ಲಿ ಅದನ್ನು ಎರಡು ಕಾಲಾಳುಗಳು ಹೊಡೆಯಬಲ್ಲವು.

ಎಫ್4ರ ಕಾಲಾಳು ಅದನ್ನು ಹೊಡೆದಿತೆನ್ನೋಣ. ಕುದುರೆ ಡಿ7ನ್ನು ಬಿಟ್ಟುದರಿಂದ ಮಂತ್ರಿಯ ದಾರಿ ತೆರವಾಗಿದೆ. ಅದು ಡಿ4ರ ಕಾಲಾಳನ್ನು ಹೊಡೆದು ಶಹ ಕೊಡುತ್ತದೆ. ರಾಜ ಎಚ್1ಕ್ಕೆ ಸರಿಯುತ್ತಾನೆ. ಆಗ ಮಂತ್ರಿ ಜಿ1ಕ್ಕೆ, ರಾಜನ ಮಗ್ಗುಲಿಗೇ ಹೋಗಿ ನಿಲ್ಲುತ್ತದೆ. ಸಿ5ರ ಒಂಟೆಯ ಕಾವಲಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ, ಆನೆಯೇ ಹೊಡೆಯಬೇಕು. ಆನೆ ಹೊಡೆದು ಜಿ1ರಲ್ಲಿ ಕುಳಿತೊಡನೆ ಕಪ್ಪು ಕುದುರೆ ಜಿ4ರಿಂದ ಎಫ್2ಕ್ಕೆ ಹಾರುತ್ತದೆ. ಅಲ್ಲಿಗೆ ಮುಗಿಯಿತು. ರಾಜನ ಪಕ್ಕದಲ್ಲಿ ತನ್ನದೇ ಆನೆ, ಮುಂದೆ ತನ್ನವೇ ಎರಡು ಕಾಲಾಳುಗಳು. ಶತ್ರುವಿನ ಒಂದು ಕುದುರೆಯ ಎದುರಿಗೆ, ತನ್ನವರ ನಡುವೆ ಉಸಿರುಕಟ್ಟಿ ರಾಜ ಮಡಿಯುತ್ತಾನೆ.

ಅರೋನಿಯನ್ನರು ಇದನ್ನು ಕಾಣದಿರುವವರೇ? ಅವರು ಒಂಟೆಯಿಂದ ಜಿ4ರ ಕುದುರೆಯನ್ನು ಹೊಡೆದರು. ಆನಂದರ ಒಂಟೆ ಡಿ4ರ ಕಾಲಾಳನ್ನು ಹೊಡೆದು ಶಹ ಕೊಟ್ಟಿತು. ರಾಜ ಎಚ್1ಕ್ಕೆ ಹೋದ. ಇ5ರ ಕುದುರೆ ಜಿ4ಕ್ಕೆ ಮರಳಿ ಒಂಟೆಯನ್ನು ಹೊಡೆಯಿತು. ಅರೋನಿಯನ್ನರು ಕೊನೆಗೂ ಎಫ್8ರ ಆನೆಯನ್ನು ಹೊಡೆದರು. ಲೆಕ್ಕಕ್ಕೆ ನೋಡಿದರೆ ಈಗ ಆನಂದರು ಒಂದು ಪೂರ್ತಿ ಆನೆಯಷ್ಟು ಹಿಂದಿದ್ದಾರೆ. ಎಫ್8ರಲ್ಲಿ ಕುಳಿತ ಕುದುರೆಯನ್ನು ರಾಜನಿಂದಲೋ ಮಂತ್ರಿಯಿಂದಲೋ ಹೊಡೆದು ಅಷ್ಟಿಷ್ಟು ಸರಿದೂಗಿಸಿಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ ಎಫ್ ಸಾಲಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು ಸುಮ್ಮನಾದರು.

ಟೀಕಾಕಾರರೆಲ್ಲರೂ ಇ5ರ ಕುದುರೆಯನ್ನೇ ಹಾಡಿ ಹೊಗಳಿದ್ದಾರೆ. ನನಗಾದರೋ ಈ ಕಾಲಾಳೇ ಹೆಚ್ಚು ಪ್ರಿಯ. ಬಲಿಕೊಡುವಾಗಿನ ಆವೇಶ ಹಲವರಲ್ಲಿರುತ್ತದೆ. ಬಲಿ ಕೊಟ್ಟ ಮೇಲೆ ಅವಸರಪಡದೆ ನಿಲ್ಲುವ ಸಮಾಧಾನ ವಿರಳ. ಈ ಒಂದು ಸಣ್ಣ ನಡೆಯು ಬಿಳಿಯ ಮಂತ್ರಿ ಸಿ2ರಿಂದ ಎಚ್7ರತ್ತ ಸಾಗುವ ಓರೆದಾರಿಯನ್ನು ಮುಚ್ಚಿತು, ಜಿ4ರ ಕುದುರೆಗೆ ಆಧಾರವಾಯಿತು. ಕಪ್ಪು ಮಂತ್ರಿ ಎಚ್4ಕ್ಕೆ ಬರುವ ಭಯ ಹಾಗೆಯೇ ಉಳಿಯಿತು.

ಆ ಭಯಕ್ಕಾಗಿ ಬಿಳಿಯ ಕುದುರೆ ಜಿ6ಕ್ಕೆ ಬಂದು ಎಚ್4ನ್ನು ಕಾಯಿತು. ಆನಂದರ ಮಂತ್ರಿ ಎಫ್6ಕ್ಕೆ ಬಂದು ಆ ಕುದುರೆಯನ್ನೇ ಕೆಣಕಿತು. ಅರೋನಿಯನ್ನರು ಎಚ್3ಕ್ಕೆ ಕಾಲಾಳನ್ನು ನಡೆಸಿ ಜಿ4ರ ಕುದುರೆಯನ್ನು ಬೆದರಿಸಿದರು. ಮಂತ್ರಿ ನಿಶ್ಚಿಂತೆಯಿಂದ ಜಿ6ರ ಕುದುರೆಯನ್ನು ಹೊಡೆಯಿತು. ಈಗ ಕಾಲಾಳು ಕುದುರೆಯನ್ನು ಹೊಡೆಯಬಾರದೇಕೆ? ಹೊಡೆದರೆ ಎಚ್ ಸಾಲು ತೆರೆಯುತ್ತದೆ, ಮಂತ್ರಿ ಎಚ್6ಕ್ಕೆ ಒಂದು ಹೆಜ್ಜೆ ಸರಿಯುತ್ತದೆ, ರಾಜನಿಗೆ ಅಲ್ಲಿಯೇ ಮರಣ. ಈ ಎಚ್ ಸಾಲು ಕಪ್ಪಿಗೆ ಹೇಗೆ ತೆರವಾಯಿತೆಂಬುದನ್ನು ಗಮನಿಸಿದರೆ ವಿಸ್ಮಯವಾಗುತ್ತದೆ. ಅಲ್ಲಿ ಅಡ್ಡವಿದ್ದ ಎಚ್7ರ ಕಾಲಾಳನ್ನು ಹದಿಮೂರನೆಯ ನಡೆಯಲ್ಲಿ ಆಸೆಪಟ್ಟು ತೆಗೆದವರು ಸ್ವತಃ ಅರೋನಿಯನ್ನರೇ.

ಬಿಳಿಯ ಮಂತ್ರಿ ಇ2ಕ್ಕೆ, ಕಪ್ಪು ಮಂತ್ರಿ ಎಚ್5ಕ್ಕೆ. ಈಗ ಎಚ್3ರ ಕಾಲಾಳು ಕಪ್ಪು ಮಂತ್ರಿಯ ದೃಷ್ಟಿಗೆ ಸಿಲುಕಿ ಅಲುಗುವಂತಿಲ್ಲ. ಬಿ7ರಲ್ಲಿ ಮೊದಲಿನಿಂದಲೂ ಮೌನವಾಗಿ ಕುಳಿತಿದ್ದ ಒಂಟೆಯ ದೃಷ್ಟಿಗೆ ಸಿಲುಕಿ ಜಿ2ರ ಕಾಲಾಳೂ ಅಲುಗುವಂತಿಲ್ಲ. ಅರೋನಿಯನ್ನರು ಮಂತ್ರಿಯನ್ನು ಡಿ3ಕ್ಕೆ ತಂದು ಮೂರನೆಯ ಅಡ್ಡಸಾಲಿನಿಂದ ಎಚ್3ನ್ನು ಕಾದರು, ಡಿ4ರ ಒಂಟೆಗೂ ಕೈಯಿಟ್ಟರು. ಆನಂದರು ಆ ಒಂಟೆಯನ್ನೇ ಇ3ಕ್ಕೆ ಸರಿಸಿ ಕಾವಲಿನ ದಾರಿಗೆ ಅಡ್ಡ ನಿಲ್ಲಿಸಿದರು. ಇಪ್ಪತ್ತಮೂರನೆಯ ನಡೆ. ಅರೋನಿಯನ್ನರು ಸೋಲನ್ನು ಒಪ್ಪಿಕೊಂಡರು.

ಆಟ ಮುಗಿದ ಬಳಿಕ ಆನಂದರೇ ಸ್ಮರಿಸಿದ್ದು 1907ರಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿ ರೊಟ್ಲೆವಿ ಅವರ ವಿರುದ್ಧ ರೂಬಿನ್‌ಸ್ಟೈನರು ಆಡಿದ ಆಟವನ್ನು. ಅದರಲ್ಲಿಯೂ ಕಪ್ಪು ಒಂಟೆಗಳೆರಡು ದೂರದಿಂದ ಬಿಳಿರಾಜನತ್ತ ಗುರಿಯಿಟ್ಟಿವೆ, ಕುದುರೆ ಜಿ4ರಲ್ಲಿದೆ, ಆನೆ ಸಿ8ರಲ್ಲಿದೆ, ರಾಜ ಎಚ್1ರ ಮೂಲೆಯಲ್ಲಿದ್ದಾನೆ. ರೂಬಿನ್‌ಸ್ಟೈನರು ತಮ್ಮ ಮಂತ್ರಿಯನ್ನು ಕಾಲಾಳಿನ ಬಾಯಿಗೆ ಬಿಟ್ಟು ಆನೆಯಿಂದ ಸಿ3ರ ಕುದುರೆಯನ್ನು ಹೊಡೆದರು. ಮರುನಡೆಯಲ್ಲಿ ಇನ್ನೊಂದು ಆನೆಯನ್ನೂ ಒಪ್ಪಿಸಿದರು. ಇಪ್ಪತ್ತೈದನೆಯ ನಡೆಗೆ ರೊಟ್ಲೆವಿ ಶರಣಾದರು. ಆನಂದರ ಆಟದ ಆದಿಯಲ್ಲಿ ಮೆರಾನಿನ ರೂಬಿನ್‌ಸ್ಟೈನ್, ಅಂತ್ಯದಲ್ಲಿ ಲೋಡ್ಜಿನ ರೂಬಿನ್‌ಸ್ಟೈನ್. ಇದು ಕೇವಲ ಯೋಗಾಯೋಗವೆಂದು ನನಗೆ ತೋರುವುದಿಲ್ಲ.

ಈ ಮಹನೀಯರ ಜೀವನವನ್ನು ಎರಡು ಮಾತಿನಲ್ಲಿ ಹೇಳಬೇಕು. 1880ರಲ್ಲಿ ಹುಟ್ಟಿದ ಅವರು ಯಹೂದಿಗಳ ಧರ್ಮಪಾಠಶಾಲೆಯಲ್ಲಿ ಓದಿದವರು, ಧರ್ಮಪಂಡಿತರಾಗಬೇಕಾಗಿದ್ದವರು. 1912ರ ಒಂದೇ ವರ್ಷದಲ್ಲಿ ಐದು ದೊಡ್ಡ ಪಂದ್ಯಾವಳಿಗಳಲ್ಲಿ ಪ್ರಥಮ ಸ್ಥಾನ ಪಡೆದರು. ವಿಶ್ವ ಚಾಂಪಿಯನ್ ಲಾಸ್ಕರ್ ಅವರೊಡನೆ ನಡೆಯಬೇಕಿದ್ದ ಪಂದ್ಯವು 1914ರ ಮಹಾಯುದ್ಧದಿಂದ ನಿಂತುಹೋಯಿತು. ಮನಸ್ಸಿನ ಅಸ್ವಾಸ್ಥ್ಯದಿಂದ ಆಟವನ್ನೇ ಬಿಟ್ಟು 1961ರಲ್ಲಿ ತೀರಿಕೊಂಡರು. ಪದವಿ ಅವರಿಗೆ ಸಿಕ್ಕಲೇ ಇಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ; ಬಲ್ಲವರು ಅದನ್ನು ಎತ್ತದೆ ಬಿಡುವುದಿಲ್ಲ. ಈ ಆಟದ ಪ್ರಮುಖ ವಿಚಾರವು ಗೆಲ್‌ಫಾಂಡ್ ಅವರೊಡನೆಯ ಪಂದ್ಯಕ್ಕಾಗಿ ಸಹಾಯಕರೊಡಗೂಡಿ ಸಿದ್ಧಪಡಿಸಿದ್ದೆಂದು ಆನಂದರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಹಾಗಾದರೆ ಗೆದ್ದವರು ಯಾರು, ಆನಂದರೋ, ಅವರ ಟಿಪ್ಪಣಿಪುಸ್ತಕವೋ? ಇಂದಿನ ಗಣಕಯಂತ್ರಗಳ ಕಾಲದಲ್ಲಿ ಕಂಠಪಾಠವೇ ಆಟವನ್ನು ಕೊಂದಿತೆಂದು ಕೊರಗುವವರು ಬಹಳ. ನಾನು ಈ ಮಾತನ್ನು ಒಪ್ಪಲಾರೆ. ನಮ್ಮ ಪಾಠಶಾಲೆಗಳಲ್ಲಿ ಅಮರಕೋಶವನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಿಸುತ್ತಿದ್ದರು. ಮುಂದೆ ಕಾವ್ಯವೋದುವಾಗ ಬೇಕಾದ ಶಬ್ದ ಬೇಕಾದಲ್ಲಿ ತಾನಾಗಿ ಎದ್ದುಬರುತ್ತಿತ್ತು. ಆ ಶಬ್ದ ಕೋಶದ್ದು, ಆ ಅನ್ವಯ ಓದುಗನದು. ಎಂಟು ತಿಂಗಳ ಹಿಂದೆ ಸಿದ್ಧಪಡಿಸಿದ್ದನ್ನು, ಎದುರಾಳಿ ಬೇರೆಯಾದಾಗ, ಗಡಿಯಾರ ಓಡುತ್ತಿರುವಾಗ ನೆನಪಿನಿಂದ ತೆಗೆದು, ಒಂದು ಆನೆಯನ್ನೇ ಬಿಟ್ಟುಕೊಡುವ ಧೈರ್ಯ ಯಾವ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಮಕ್ಕಳಿಗೆ ಚದುರಂಗ ಕಲಿಸುವ ತಂದೆತಾಯಿಗಳು ನಡೆಗಳನ್ನಷ್ಟೇ ಬಾಯಿಪಾಠ ಮಾಡಿಸಿ ಹಳೆಯ ಆಟಗಳ ಕಾರಣಗಳನ್ನು ಬಿಟ್ಟುಬಿಡುವುದನ್ನು ಕಂಡಾಗ ಮಾತ್ರ ನನಗೆ ವ್ಯಸನವಾಗುತ್ತದೆ.

ಆ ಪಂದ್ಯಾವಳಿಯನ್ನು ಗೆದ್ದವರು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್. 13 ಆಟಗಳಲ್ಲಿ 10 ಅಂಕ ಗಳಿಸಿ 1999ರ ಕ್ಯಾಸ್ಪರೋವರ ದಾಖಲೆಯನ್ನು ಸರಿಗಟ್ಟಿದರು. ಇಂತಹ ಸೋಲುಂಡ ಅರೋನಿಯನ್ನರು ಎದೆಗುಂದದೆ 8.5 ಅಂಕಗಳಿಂದ ಎರಡನೆಯವರಾದರು. ಆನಂದರು 8 ಅಂಕಗಳೊಡನೆ ಕರ್ಯಾಕಿನ್ನರ ಸಂಗಡ ಮೂರನೆಯ ಸ್ಥಾನ ಹಂಚಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಚೆನ್ನೈಯಲ್ಲಿ ಕಾರ್ಲ್‌ಸನ್ನರೆದುರು ಅವರ ವಿಶ್ವಪದವಿ ಹೋಯಿತು. ವಿಕ್ ಆನ್ ಝೀಯ ಈ ಇಪ್ಪತ್ತಮೂರು ನಡೆಗಳು ಅವರ ಹೆಸರಿನಲ್ಲಿಯೇ ಉಳಿದಿವೆ.

ಮನೆಯ ಮಕ್ಕಳಿಗಾಗಿ ಕೊನೆಯ ಸ್ಥಿತಿಯನ್ನು ಇಲ್ಲಿ ಕೊಡುತ್ತೇನೆ. ಬಿಳಿ: ರಾಜ ಎಚ್1, ಮಂತ್ರಿ ಡಿ3, ಆನೆಗಳು ಎ1 ಮತ್ತು ಎಫ್1, ಒಂಟೆ ಸಿ1, ಕುದುರೆ ಸಿ3, ಕಾಲಾಳುಗಳು ಎ3, ಬಿ2, ಎಫ್4, ಜಿ2, ಎಚ್3. ಕಪ್ಪು: ರಾಜ ಜಿ8, ಮಂತ್ರಿ ಎಚ್5, ಆನೆ ಸಿ8, ಒಂಟೆಗಳು ಬಿ7 ಮತ್ತು ಇ3, ಕುದುರೆ ಜಿ4, ಕಾಲಾಳುಗಳು ಎ7, ಬಿ5, ಇ6, ಎಫ್5, ಜಿ7. ಅರೋನಿಯನ್ನರು ಸೋಲೊಪ್ಪದೆ ಸಿ1ರ ಒಂಟೆಯಿಂದ ಇ3ರ ಒಂಟೆಯನ್ನು ಹೊಡೆದಿದ್ದರೆ ಆನಂದರು ಎರಡೇ ನಡೆಗಳಲ್ಲಿ ರಾಜನನ್ನು ಹಿಡಿಯುತ್ತಿದ್ದರು. ಎರಡನೆಯ ನಡೆಗೆ ಎರಡು ದಾರಿಗಳಿವೆ, ಎರಡನ್ನೂ ಹುಡುಕಲಿ.