ಒಂದೇ ವಿಳಾಸ, ಹಲವು ಹೆಸರು

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಯಾರಾದರೂ ಮೊಬೈಲಿನಲ್ಲಿ ಕನ್ನಡ ವಿಕಿಪೀಡಿಯ ತೆರೆದರೆ ಆ ಕೋರಿಕೆ ಹೋಗಿ ಮುಟ್ಟುವ ಐಪಿ ವಿಳಾಸ ಕನ್ನಡಕ್ಕೆ ಮೀಸಲಾದದ್ದಲ್ಲ. ಇಂಗ್ಲಿಷ್, ಮರಾಠಿ, ತುಳು ಸೇರಿದಂತೆ ಮುನ್ನೂರಕ್ಕೂ ಹೆಚ್ಚು ಭಾಷೆಗಳ ವಿಕಿಪೀಡಿಯಗಳಿಗೆ ಅದೇ ವಿಳಾಸ, ಅದೇ 443ನೇ ಪೋರ್ಟು. ಆದರೂ ತೆರೆದುಕೊಳ್ಳುವುದು ಕನ್ನಡದ ಪುಟವೇ. ಈ ಏರ್ಪಾಡಿನ ಹೆಸರು ವರ್ಚುವಲ್ ಹೋಸ್ಟ್. ಇದನ್ನು ದುಡ್ಡು ಉಳಿಸುವ ಉಪಾಯವೆಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಇದರ ಚರಿತ್ರೆ ನೋಡಿದರೆ, ಸಣ್ಣ ಭಾಷೆಗಳೂ ಸಣ್ಣ ಸಂಸ್ಥೆಗಳೂ ಜಾಲದಲ್ಲಿ ತಮ್ಮದೇ ಹೆಸರಿನಲ್ಲಿ ನಿಲ್ಲುವಂತಾದದ್ದು ಮುಖ್ಯವಾಗಿ ಇದರಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

1991ರ ಮೊದಲ ಎಚ್‌ಟಿಟಿಪಿಯಲ್ಲಿ ಬ್ರೌಸರು ಕಳಿಸುತ್ತಿದ್ದುದು ಒಂದೇ ಸಾಲು: ಇಂಥ ಪುಟ ಕೊಡು. ಯಾವ ತಾಣದ ಪುಟ ಎಂಬುದು ಅದರಲ್ಲಿರಲಿಲ್ಲ. ಹೆಸರನ್ನು ಐಪಿ ಸಂಖ್ಯೆಗೆ ಬದಲಿಸಿಕೊಂಡ ಮೇಲೆ ಬ್ರೌಸರು ಆ ಹೆಸರನ್ನು ಅಲ್ಲಿಗೇ ಬಿಟ್ಟುಬಿಡುತ್ತಿತ್ತು. ಅಂಚೆಯಲ್ಲಿ ಒಂದೇ ಪಿನ್ ಕೋಡಿಗೆ ಹತ್ತಾರು ಹಳ್ಳಿಗಳಿರುತ್ತವೆ. ಲಕೋಟೆಯ ಮೇಲೆ ಪಿನ್ ಮಾತ್ರ ಇದ್ದು ಊರಿನ ಹೆಸರೇ ಇಲ್ಲದಿದ್ದರೆ ಅಂಚೆಯವರು ಏನು ಮಾಡಬೇಕೋ ಅದೇ ಸ್ಥಿತಿ ಸರ್ವರಿನದು. ಹಾಗಾಗಿ ಒಂದೊಂದು ತಾಣಕ್ಕೂ ಒಂದೊಂದು ಐಪಿ ಬೇಕಿತ್ತು. ಇಲ್ಲವಾದರೆ 8080ರಂಥ ಬೇರೆ ಪೋರ್ಟು ಕೊಟ್ಟು, ಆ ಸಂಖ್ಯೆಯನ್ನೂ ವಿಳಾಸದ ಜೊತೆ ಟೈಪ್ ಮಾಡಿರೆಂದು ಓದುಗರನ್ನು ಕೇಳಬೇಕಿತ್ತು. ಆದರೆ ಎಷ್ಟೋ ಕಚೇರಿಗಳ ಫೈರ್‌ವಾಲ್ 80 ಮತ್ತು 443 ಬಿಟ್ಟು ಬೇರೆಯದನ್ನು ಹೊರಗೇ ಬಿಡದು. ಇತ್ತ ಐಪಿ ನಾಲ್ಕನೇ ಆವೃತ್ತಿಯ ಒಟ್ಟು ವಿಳಾಸಗಳೇ ಸುಮಾರು 429 ಕೋಟಿ. ಜನವರಿ 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ಇದಕ್ಕೆ ಪರಿಹಾರ ಕೊಟ್ಟಿತು: ಪ್ರತಿ ಕೋರಿಕೆಯಲ್ಲೂ ‘ಹೋಸ್ಟ್’ ಎಂಬ ಸಾಲಿನಲ್ಲಿ ತಾಣದ ಹೆಸರು ಇರಲೇಬೇಕು, ಇಲ್ಲದಿದ್ದರೆ ಸರ್ವರು 400 ಎಂಬ ದೋಷಸಂಖ್ಯೆ ಕೊಟ್ಟು ತಿರಸ್ಕರಿಸಬೇಕು. ವಿಳಾಸಗಳ ಉಳಿತಾಯವೇ ಉದ್ದೇಶವೆಂದು ಆ ದಾಖಲೆಯೇ ಹೇಳುತ್ತದೆ. ಆದರೆ ಫಲ ಉದ್ದೇಶಕ್ಕಿಂತ ದೊಡ್ಡದಾಯಿತು. ಹೊಸ ತಾಣವೆಂದರೆ ಹೊಸ ವಿಳಾಸದ ಖರೀದಿಯಾಗಿದ್ದದ್ದು, ಅಪಾಚೆ ಎಂಬ ಸರ್ವರ್ ತಂತ್ರಾಂಶದ ಕಡತದಲ್ಲಿ ಸರ್ವರ್‌ನೇಮ್ ಇರುವ ನಾಲ್ಕಾರು ಸಾಲು ಬರೆಯುವ ಕೆಲಸವಾಯಿತು. ಎಂಜಿನ್‌ಎಕ್ಸ್‌ನಂಥ ಸರ್ವರ್ ತಂತ್ರಾಂಶಗಳು ಬಂದ ಮೇಲೆ ಒಳಗೆ ಒಂದು ಅಪ್ಲಿಕೇಶನ್ 3000ದಲ್ಲಿ, ಇನ್ನೊಂದು 8080ರಲ್ಲಿ ಓಡುತ್ತಿದ್ದರೂ ಹೊರಗೆ ಕಾಣುವುದು ಒಂದೇ ಪೋರ್ಟು. ಹೆಸರು ನೋಡಿ ಒಳಗೆ ಕಳಿಸುವ ಹೊಣೆ ಮುಂದಿನ ಸರ್ವರಿನದು.

ಎಚ್‌ಟಿಟಿಪಿಎಸ್‌ಗೆ ಮಾತ್ರ ಇದು ಕೂಡಲೇ ದಕ್ಕಲಿಲ್ಲ. ಪ್ರಮಾಣಪತ್ರ ತೋರಿಸಿ ಗೂಢಲಿಪಿ ಶುರುವಾಗುವುದು ಮೊದಲು, ಹೋಸ್ಟ್ ಸಾಲು ಬರುವುದು ಆಮೇಲೆ. ಯಾರ ಪ್ರಮಾಣಪತ್ರ ತೋರಿಸಬೇಕೆಂದು ಸರ್ವರಿಗೆ ತಿಳಿಯುವುದು ಹೇಗೆ? ಮೊದಲ ಸಂದೇಶದಲ್ಲೇ ಹೆಸರು ಹೇಳುವ ಎಸ್‌ಎನ್‌ಐ ವಿಧಾನ ಜೂನ್ 2003ರಲ್ಲಿ ಬಂತು. ಕನ್ನಡ ವಿಕಿಪೀಡಿಯ ಆರಂಭವಾದದ್ದೂ ಅದೇ ತಿಂಗಳು. ಆದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಎಸ್‌ಎನ್‌ಐ ಅರ್ಥವಾಗುತ್ತಿರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು ಏಪ್ರಿಲ್ 2014ರಲ್ಲಿ. ಅಲ್ಲಿಯವರೆಗೆ ಹಳೆಯ ಕಂಪ್ಯೂಟರಿನ ಓದುಗರನ್ನು ಕೈಬಿಡಲಾಗದ ಸಣ್ಣ ತಾಣಗಳು ಸುರಕ್ಷತೆಗಾಗಿ ಸ್ವಂತ ಐಪಿಯ ಬಾಡಿಗೆ ಕಟ್ಟಬೇಕಾಯಿತು.

ಒಂದೇ ಬಾಗಿಲಾದರೆ ಅದು ಮುಚ್ಚಿದಾಗ ಎಲ್ಲರೂ ಹೊರಗೆ ನಿಲ್ಲಬೇಕಲ್ಲವೇ ಎಂಬ ಆಕ್ಷೇಪವಿದೆ. ನಿಜ, ಮುಂದಿನ ಸರ್ವರು ಬಿದ್ದರೆ ಹಿಂದಿನ ಅಪ್ಲಿಕೇಶನ್‌ಗಳೆಲ್ಲ ಕಾಣೆಯಾಗುತ್ತವೆ. ಆದರೆ ಒಂದು ಬಾಗಿಲನ್ನು ಹಲವು ಯಂತ್ರಗಳು ಕಾಯುವಂತೆ ಮಾಡಬಹುದು. ಪುಟ್ಟ ಸಂಸ್ಥೆಯೊಂದು ಒಬ್ಬಂಟಿಯಾಗಿ ನಡೆಸುವ ಸರ್ವರಿಗೆ ಅಂಥ ಕಾವಲು ಸಿಗುವುದು ಅಪರೂಪ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಎಸ್‌ಎನ್‌ಐಯಲ್ಲಿ ಹೆಸರು ಬಯಲಾಗಿಯೇ ಸಾಗುತ್ತದೆ, ನಡುವೆ ಕೂತವರು ಅದನ್ನು ಓದಬಹುದು. 2019ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ, ಜಿಯೊ ಜಾಲದಲ್ಲಿ ಎಸ್‌ಎನ್‌ಐ ಓದಿ ತಾಣಗಳನ್ನು ತಡೆಯುತ್ತಿರುವುದನ್ನು ಪ್ರಯೋಗದಿಂದ ತೋರಿಸಿತು. ಚೀನಾ ಕೂಡ ಬಹುಕಾಲ ಚೀನೀ ವಿಕಿಪೀಡಿಯವನ್ನು ಮಾತ್ರ ಆರಿಸಿ ತಡೆದು, ಏಪ್ರಿಲ್ 2019ರಿಂದ ಎಲ್ಲ ಭಾಷೆಗಳದ್ದನ್ನೂ ತಡೆಯಿತು. ಈ ದೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾಣಕ್ಕೊಂದು ಐಪಿ ಇದ್ದಿದ್ದರೆ ಆ ಸಂಖ್ಯೆಯೇ ಗುಟ್ಟು ಬಿಟ್ಟುಕೊಡುತ್ತಿತ್ತು, ತಡೆಯುವುದು ಇನ್ನೂ ಸುಲಭವಾಗುತ್ತಿತ್ತು. ಹೆಸರನ್ನೂ ಮುಚ್ಚಿ ಕಳಿಸುವ ಎನ್‌ಕ್ರಿಪ್ಟೆಡ್ ಕ್ಲೈಂಟ್ ಹಲೋ ಈಗ ಬ್ರೌಸರುಗಳಿಗೆ ಬಂದಿದೆ. ಹಲವು ತಾಣಗಳು ಒಂದೇ ವಿಳಾಸದಲ್ಲಿದ್ದರೆ ಮಾತ್ರ ಅದಕ್ಕೆ ಬೆಲೆ.

ಐಪಿ ಆರನೇ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ, ಇನ್ನು ಹಂಚಿಕೆಯ ಗೊಡವೆ ಏಕೆ ಎನ್ನುವವರೂ ಇದ್ದಾರೆ. ವಿಕಿಪೀಡಿಯ ಆ ಆವೃತ್ತಿಯಲ್ಲೂ ಎಲ್ಲ ಭಾಷೆಗಳಿಗೆ ಒಂದೇ ವಿಳಾಸ ಇಟ್ಟುಕೊಂಡಿದೆ. ಬರ ಇಲ್ಲದಿದ್ದಾಗಲೂ ಹಂಚಿಕೊಳ್ಳುವುದಕ್ಕೆ ಕಾರಣ ನಿರ್ವಹಣೆ: ಆಗಸ್ಟ್ 2016ರಲ್ಲಿ ತುಳು ವಿಕಿಪೀಡಿಯ ಸೇರಿಕೊಳ್ಳಲು ಪ್ರತ್ಯೇಕ ವಿಳಾಸ ಬೇಕಾಗಲಿಲ್ಲ, ತುಳುವಿನಲ್ಲಿ ಬರೆಯುವವರು ಬೇಕಾದರು. ಕನ್ನಡದ ಸಂಸ್ಥೆಗಳಿಗೆ ಈಗ ಉಳಿದಿರುವ ಕೆಲಸ ಬೇರೆ ಇದೆ. ಕನ್ನಡ ಲಿಪಿಯಲ್ಲೇ ಕೊನೆಯಾಗುವ ‘.ಭಾರತ’ ಹೆಸರುಗಳು ಹೋಸ್ಟ್ ಸಾಲಿನಲ್ಲಿ ಕನ್ನಡದಲ್ಲಿ ಸಾಗುವುದಿಲ್ಲ. ಪ್ಯೂನಿಕೋಡ್ ಎಂಬ ಲ್ಯಾಟಿನ್ ಅಕ್ಷರಗಳ ರೂಪ ತಳೆದು ಬರುತ್ತವೆ. ಸರ್ವರ್‌ನೇಮ್ ಸಾಲಿನಲ್ಲಿ ಆ ರೂಪವನ್ನು ಬರೆಯದಿದ್ದರೆ ಅಪಾಚೆ ತನ್ನ ಪಟ್ಟಿಯ ಮೊದಲ ತಾಣವನ್ನೇ ತೆರೆದು ತೋರಿಸುತ್ತದೆ, ಕನ್ನಡದ ಹೆಸರು ಟೈಪ್ ಮಾಡಿದವರ ಮುಂದೆ ಬೇರಾರದೋ ಪುಟ ಬಂದು ನಿಲ್ಲುತ್ತದೆ.