ರಕ್ತ ನಿಂತ ಮೇಲೆ ನಮಾಝ್: ಏಳನೇ ದಿನಕ್ಕೆ ಕಾಯಬೇಕೇ?

ಏಳು ದಿನ ತುಂಬದೆ ಸ್ನಾನ ಮಾಡಿದರೆ ಶುದ್ಧಿಯಾಗದು, ಹೆರಿಗೆಯಾದವಳು ನಲ್ವತ್ತು ಕಳೆಯದೆ ಮುಸಲ್ಲಾದ ಮೇಲೆ ನಿಲ್ಲಬಾರದು ಎಂಬ ಮಾತು ಅನೇಕ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬಂದಿದೆ. ನಾಲ್ಕೇ ದಿನದಲ್ಲಿ ಶುದ್ಧಳಾದವಳು ಹೀಗೆ ಏಳು ದಿನ ತುಂಬಲಿ ಎಂದು ಕಾದರೆ ಮೂರು ದಿನಗಳ 15 ಫರ್ಝ್ ನಮಾಝ್‌ಗಳು ತಪ್ಪುತ್ತವೆ. ಅವು ಮನ್ನಾ ಆದ ನಮಾಝ್‌ಗಳಲ್ಲ, ಅವಳ ಮೇಲಿರುವ ಸಾಲ.

ಶರೀಅತ್ ಋತುಸ್ರಾವಕ್ಕೆ (ಹೈಝ್) ಗಡಿ ಹಾಕಿದೆಯೇ ಹೊರತು ಎಲ್ಲರಿಗೂ ಒಂದೇ ಅವಧಿಯನ್ನು ನಿಗದಿ ಮಾಡಿಲ್ಲ. ಶಾಫಿಈ ಮದ್‌ಹಬ್ ಪ್ರಕಾರ ಅದರ ಕನಿಷ್ಠ ಅವಧಿ ಒಂದು ಹಗಲು ಒಂದು ರಾತ್ರಿ, ಗರಿಷ್ಠ 15 ದಿನ. ಆರೇಳು ದಿನ ಎನ್ನುವುದು ಸಾಮಾನ್ಯವಾಗಿ ಕಂಡುಬರುವ ಲೆಕ್ಕ ಮಾತ್ರ. ಹನಫಿ ಮದ್‌ಹಬ್‌ನಲ್ಲಿ ಕನಿಷ್ಠ 3 ದಿನ, ಗರಿಷ್ಠ 10 ದಿನ. ಹೆರಿಗೆಯ ನಂತರದ ರಕ್ತಕ್ಕೆ (ನಿಫಾಸ್) ಶಾಫಿಈಯಲ್ಲಿ ಗರಿಷ್ಠ 60 ದಿನ, ಹನಫಿಯಲ್ಲಿ 40 ದಿನ. ಅದಕ್ಕೆ ಕನಿಷ್ಠ ದಿನಗಳ ಲೆಕ್ಕವಿಲ್ಲ. ಇಪ್ಪತ್ತನೇ ದಿನ ರಕ್ತ ಪೂರ್ತಿ ನಿಂತ ಬಾಣಂತಿ ಅಂದೇ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು.

ನಮ್ಮ ಕರಾವಳಿಯಲ್ಲಿ ಬ್ಯಾರಿ ಕುಟುಂಬಗಳಲ್ಲಿ ಹೆಚ್ಚಿನವು ಶಾಫಿಈ, ಉರ್ದು ಮಾತಾಡುವ ಕುಟುಂಬಗಳಲ್ಲಿ ಹೆಚ್ಚಿನವು ಹನಫಿ. ಕಾರ್ಕಳದ ಹುಡುಗಿ ಕಾಪುವಿಗೆ ಸೊಸೆಯಾಗಿ ಬಂದಾಗ ತವರಿನಲ್ಲಿ ಒಂದು ಲೆಕ್ಕ, ಅತ್ತೆಮನೆಯಲ್ಲಿ ಇನ್ನೊಂದು ಲೆಕ್ಕ ಕೇಳುವುದುಂಟು. ಗಾಬರಿ ಬೇಡ. ಗಡಿಗಳಲ್ಲಿ ಭಿನ್ನತೆ ಇದ್ದರೂ, ಶುದ್ಧಿಯಾದ ಮೇಲೆ ನಮಾಝನ್ನು ಮುಂದೂಡಬಾರದು ಎಂಬುದರಲ್ಲಿ ಭಿನ್ನತೆಯಿಲ್ಲ.

ಶುದ್ಧಿಯನ್ನು ತಿಳಿಯುವುದು ಹೇಗೆ? ಹತ್ತಿಯಿಟ್ಟು ನೋಡಿದಾಗ ಅದು ಕಲೆಯಿಲ್ಲದೆ ಬರಬೇಕು, ಅಥವಾ ಬಿಳಿ ಸ್ರಾವ ಕಾಣಬೇಕು. ಮಹಿಳೆಯರು ಹತ್ತಿಯನ್ನು ಹಝ್ರತ್ ಆಯಿಶಾ(ರ)ರ ಬಳಿಗೆ ಕಳುಹಿಸಿ ಕೇಳುತ್ತಿದ್ದರು. ಬಿಳುಪು ಕಾಣುವ ತನಕ ಆತುರಪಡಬೇಡಿ ಎಂದು ಅವರು ಹೇಳುತ್ತಿದ್ದರು. ಅಂದರೆ ಆತುರವೂ ಸಲ್ಲದು, ವಿಳಂಬವೂ ಸಲ್ಲದು. ಸ್ನಾನದ ನಂತರ ಗಡಿಯೊಳಗೆ ರಕ್ತ ಮತ್ತೆ ಕಂಡರೆ ನಮಾಝ್ ನಿಲ್ಲಿಸಬೇಕು. ನಡುವೆ ನಮಾಝ್ ಮಾಡಿದ್ದಕ್ಕೆ ಪಾಪವಿಲ್ಲ.

ಸ್ನಾನದಲ್ಲಿ ಫರ್ಝ್ ಆಗಿರುವುದು ಶುದ್ಧಿಯ ನಿಯ್ಯತ್ ಮತ್ತು ಕೂದಲ ಬುಡ ಸೇರಿ ಇಡೀ ಮೈಗೆ ನೀರು ತಲುಪುವುದು. ಹನಫಿಯಲ್ಲಿ ಬಾಯಿ ಮುಕ್ಕಳಿಸಿ ಮೂಗಿಗೆ ನೀರು ಎಳೆಯುವುದೂ ಫರ್ಝ್, ನಿಯ್ಯತ್ ಸುನ್ನತ್. ನೈಲ್ ಪಾಲಿಶ್ ಇದ್ದರೆ ತೆಗೆಯಬೇಕು. ಮದರಂಗಿಯ ಬಣ್ಣ ಅಡ್ಡಿಯಲ್ಲ. ಕಾಯಿಲೆಯಿಂದ ನೀರು ಬಳಸಲಾಗದಿದ್ದರೆ ತಯಮ್ಮುಮ್ ಇದೆ.

ಸಮಯದ ಲೆಕ್ಕವನ್ನೂ ಗಮನಿಸಿ. ಅಸರ್ ಹೊತ್ತಿನಲ್ಲಿ ಶುದ್ಧಳಾದರೆ ಶಾಫಿಈ ಪ್ರಕಾರ ಅಸರ್ ಜೊತೆ ಅಂದಿನ ಝುಹರ್ ಕೂಡ ನಿರ್ವಹಿಸಬೇಕು. ಇಶಾ ಹೊತ್ತಿನಲ್ಲಾದರೆ ಮಗ್ರಿಬ್ ಕೂಡ. ಹನಫಿಯಲ್ಲಿ ಆ ಹೊತ್ತಿನ ನಮಾಝ್ ಮಾತ್ರ. ಮಣಿಪಾಲದಲ್ಲಿ ಓದುವ, ದುಡಿಯುವ ಹೆಣ್ಣುಮಕ್ಕಳು ಮಧ್ಯಾಹ್ನ ಶುದ್ಧರಾಗಿ, ರಾತ್ರಿ ಮಲಗುವ ಮೊದಲು ಸ್ನಾನ ಮಾಡಿದರಾಯಿತು ಎಂದುಕೊಂಡರೆ ನಡುವಿನ ನಮಾಝ್‌ಗಳು ಕಳೆದುಹೋಗುತ್ತವೆ.

ಋತುಸ್ರಾವದ ದಿನಗಳ ನಮಾಝ್‌ಗಳಿಗೆ ಖಝಾ ಇಲ್ಲ, ರಂಝಾನಿನ ಉಪವಾಸಗಳಿಗೆ ಇದೆ. ಪ್ರವಾದಿವರ್ಯರ(ಸ) ಕಾಲದಲ್ಲಿ ತಮಗೆ ಇದೇ ಆಜ್ಞೆ ಇತ್ತೆಂದು ಆಯಿಶಾ(ರ) ತಿಳಿಸಿದ್ದಾರೆ. ನಮಾಝ್ ದಿನಕ್ಕೆ ಐದು ಬಾರಿ, ಉಪವಾಸ ವರ್ಷಕ್ಕೊಂದು ತಿಂಗಳು. ಈ ರಿಯಾಯಿತಿಯಲ್ಲಿ ಅಲ್ಲಾಹನ ಕರುಣೆಯನ್ನು ಉಲಮಾಗಳು ಕಂಡಿದ್ದಾರೆ. ಮಗ್ರಿಬ್‌ಗೆ ಐದು ನಿಮಿಷ ಮೊದಲು ರಕ್ತ ಕಂಡರೂ ಆ ದಿನದ ಉಪವಾಸ ಮುರಿಯುತ್ತದೆ, ಆದರೆ ಉಪವಾಸವಿದ್ದ ಶ್ರಮದ ಪ್ರತಿಫಲವನ್ನು ಅಲ್ಲಾಹನಿಂದ ನಿರೀಕ್ಷಿಸಬಹುದು.

ಗರಿಷ್ಠ ಅವಧಿಯನ್ನು ಮೀರಿ ಹರಿಯುವ ರಕ್ತ ಇಸ್ತಿಹಾಝಾ. ಇದು ಹೈಝ್ ಅಲ್ಲ, ರಕ್ತನಾಳದಿಂದ ಬರುವ ರಕ್ತ ಎಂದು ಫಾತಿಮಾ ಬಿನ್ತ್ ಅಬೂ ಹುಬೈಶ್(ರ)ರಿಗೆ ಪ್ರವಾದಿವರ್ಯರು(ಸ) ತಿಳಿಸಿದರು. ಹೈಝ್‌ನ ದಿನಗಳು ಕಳೆದ ಮೇಲೆ ರಕ್ತ ತೊಳೆದು ನಮಾಝ್ ಮಾಡಲು ಹೇಳಿದರು. ಇಂಥವರು ಶುಚಿಗೊಳಿಸಿ, ಪ್ಯಾಡ್ ಧರಿಸಿ, ಪ್ರತಿ ಫರ್ಝ್‌ನ ಸಮಯವಾದ ಮೇಲೆ ವುಝೂ ಮಾಡಿ ನಮಾಝ್ ನಿರ್ವಹಿಸಬೇಕು, ಉಪವಾಸವನ್ನೂ ಬಿಡುವಂತಿಲ್ಲ. ಹೈಝ್‌ನ ದಿನಗಳನ್ನು ಪ್ರತ್ಯೇಕಿಸುವ ಲೆಕ್ಕ ಸೂಕ್ಷ್ಮವಾದುದು, ಬಲ್ಲವರನ್ನೇ ಕೇಳಿ. ವೈದ್ಯರನ್ನೂ ಕಾಣಿರಿ.

ಹೈಝ್‌ನಲ್ಲಿರುವವಳಿಗೆ ನಮಾಝ್, ಉಪವಾಸ, ತವಾಫ್, ಮಸೀದಿಯಲ್ಲಿ ತಂಗುವುದು, ಮುಸ್‌ಹಫ್ ಮುಟ್ಟುವುದು, ಕುರ್‌ಆನ್ ಪಠಣ ಮತ್ತು ದಾಂಪತ್ಯ ಸಂಬಂಧ ನಿಷಿದ್ಧ. ಆದರೆ ಅವಳು ಅಸ್ಪೃಶ್ಯಳಲ್ಲ. ಅವಳು ಅಡುಗೆ ಮನೆಗೆ ಬರಬಾರದು, ಬೇರೆ ಚಾಪೆಯಲ್ಲಿ ಮಲಗಬೇಕು ಎಂಬುದು ಇಸ್ಲಾಮಿನದ್ದಲ್ಲ. ಆಯಿಶಾ(ರ) ಆ ದಿನಗಳಲ್ಲಿ ಕುಡಿದ ಪಾತ್ರೆಯಲ್ಲೇ, ಅವರು ಬಾಯಿಟ್ಟ ಜಾಗದಲ್ಲೇ ಬಾಯಿಟ್ಟು ಪ್ರವಾದಿವರ್ಯರು(ಸ) ಕುಡಿಯುತ್ತಿದ್ದರು. ದಿಕ್ರ್, ದುಆ, ಸಲಾತ್, ಕುರ್‌ಆನ್ ಆಲಿಸುವುದು ಯಾವುದೂ ಅವಳಿಗೆ ನಿಂತಿಲ್ಲ. ಲೈಲತುಲ್ ಕದ್ರ್‌ನ ರಾತ್ರಿಯೂ ಅವಳಿಗಿದೆ.

ತಾಯಂದಿರೇ, ಮಗಳು ಋತುಮತಿಯಾಗುವ ಮೊದಲೇ ಇದನ್ನು ಕಲಿಸಿರಿ. ಧರ್ಮವನ್ನು ಕಲಿಯಲು ನಾಚಿಕೆ ಅಡ್ಡಿಯಾಗಲಿಲ್ಲವೆಂದು ಆಯಿಶಾ(ರ) ಅನ್ಸಾರ್ ಮಹಿಳೆಯರನ್ನು ಹೊಗಳಿದ್ದರು. ನೇರವಾಗಿ ಕೇಳಲು ಸಂಕೋಚವಾದರೆ ಪತಿಯ ಅಥವಾ ತಂದೆಯ ಮೂಲಕ ಖತೀಬರಿಂದ ಕೇಳಿ ತಿಳಿಯಿರಿ. ಪುರುಷರೇ, ಆ ಪ್ರಶ್ನೆಯನ್ನು ಮಸೀದಿಗೆ ಒಯ್ಯಲು ನಾಚದಿರಿ.