ಮತ್ತೆ ಬಾರದ ರೋಗಿಯ ಲೆಕ್ಕ

‘ಕಾಮಣಿ ಆಗೇತಿ’ ಎಂದರೆ ಹಾವೇರಿ ಸೀಮೆಯಲ್ಲಿ ಅನೇಕರು ಮೊದಲು ಹುಡುಕುವುದು ನಾಟಿ ಔಷಧ ಕೊಡುವವರನ್ನು. ಅರೆದ ನೆಲನೆಲ್ಲಿ, ಮಜ್ಜಿಗೆ, ಜೊತೆಗೆ ಖಾರ-ಎಣ್ಣೆ ಬಂದ್. ಬ್ಯಾಡಗಿಯಲ್ಲಿ ಹುಟ್ಟಿದವನಿಗೆ ಮೆಣಸಿನಕಾಯಿ ಬಿಡುವುದು ರೋಗಕ್ಕಿಂತ ದೊಡ್ಡ ಶಿಕ್ಷೆ! ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ವೈದ್ಯರ ಹೆಸರು ಪಕ್ಕದೂರಿಗೂ ಹಬ್ಬುತ್ತದೆ.

ತೊಡಕಿರುವುದು ಇಲ್ಲೇ. ಹೆಪಟೈಟಿಸ್ ಎ ವೈರಾಣುವಿನ ಕಾಮಣಿ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹಾಗಾದರೆ ಗುಣಪಡಿಸಿದ್ದು ಸೊಪ್ಪೋ, ಕಾಲವೋ? ಔಷಧ ಕುಡಿದವರನ್ನೂ ಕುಡಿಯದವರನ್ನೂ ಎದುರುಬದುರು ಇಟ್ಟು ಎಣಿಸದೆ ತಿಳಿಯದು. ಮದ್ರಾಸಿನಲ್ಲಿ ಹೆಪಟೈಟಿಸ್ ಬಿ ವಾಹಕರ ಮೇಲೆ ಹಾಗೆ ಎಣಿಸಿದ್ದರು. ನೆಲನೆಲ್ಲಿ ಪಡೆದ 37 ಮಂದಿಯಲ್ಲಿ 22 ಜನರ ರಕ್ತದಲ್ಲಿ ವೈರಾಣುವಿನ ಗುರುತು ಉಳಿಯಲಿಲ್ಲ. ಹುಸಿಮದ್ದು ಪಡೆದ 23ರಲ್ಲಿ ಹಾಗಾದದ್ದು ಒಬ್ಬರಿಗೆ. 1988ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಬೇರೆಡೆ ಪರೀಕ್ಷಿಸಿದವರಿಗೆ ಆ ಫಲ ಸಿಗಲಿಲ್ಲ. ಮೊದಲ ಸುದ್ದಿಯನ್ನಷ್ಟೇ ಕತ್ತರಿಸಿ ಗೋಡೆಗೆ ಅಂಟಿಸುವುದು ಸುಲಭ. ಎರಡನ್ನೂ ತೂಗಲು ತರಬೇತಿ ಬೇಕು.

ಆಯುರ್ವೇದ ಪದವಿಯಾದ ಬಿಎಎಂಎಸ್‌ನ ಪಠ್ಯದಲ್ಲಿ ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ ಇವೆ. ಕೇಂದ್ರ ಆಯುರ್ವೇದ ಸಂಶೋಧನಾ ಮಂಡಳಿಯ ‘ಸ್ಪಾರ್ಕ್’ ಯೋಜನೆ 2022ರಲ್ಲಿ ಬಂತು; ಆಯ್ಕೆಯಾದ ವಿದ್ಯಾರ್ಥಿಗೆ ಎರಡು ತಿಂಗಳ ಅಧ್ಯಯನಕ್ಕೆ 50,000 ರೂಪಾಯಿ. ದವಾಖಾನೆ ನಡೆಸುವವರಿಗೆಂದು 2023ರಲ್ಲಿ ಅದೇ ಮಂಡಳಿಯ ‘ಅಗ್ನಿ’ ಯೋಜನೆ ಬಂತು. ಒಳ್ಳೆಯದೇ. ಆದರೆ ರಾಣೆಬೆನ್ನೂರಿನಲ್ಲಿ ಸಂತೆಯ ದಿನ ಪುರುಸೊತ್ತಿಲ್ಲದೆ ಕೂತ ವೈದ್ಯರಿಗೆ ಮೊದಲು ಬೇಕಾದ್ದು ಒಂದು ದಪ್ಪ ರಿಜಿಸ್ಟರು, ಅದನ್ನು ತುಂಬುವ ರೂಢಿ. ಬಂದ ದಿನ ರಕ್ತದಲ್ಲಿ ಹಳದಿ ತರುವ ಬಿಲಿರುಬಿನ್ ಎಷ್ಟಿತ್ತು, ಯಾವ ಗಿಡ ಎಷ್ಟು ಕೊಟ್ಟದ್ದು, ರೋಗಿ ಬೇರೆ ಯಾವ ಗುಳಿಗೆ ನುಂಗುತ್ತಿದ್ದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರ ಕೆಮ್ಮಿಗೆ, ಕೈಯುರಿಗೆ ಯಾವುದು ಹಿತವಾಯಿತು ಎಂಬುದೂ ಅಲ್ಲಿ ಸೇರಲಿ. ಎಲ್ಲಕ್ಕಿಂತ ಮುಖ್ಯ, ಮತ್ತೆ ಬಾರದವರು ಏನಾದರು? ಗುಣವಾದವರು ಹಣ್ಣು-ಕಾಯಿ ಹಿಡಿದು ಬರುತ್ತಾರೆ. ಆಗದವರು ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಸೇರಿರುತ್ತಾರೆ. ಆ ಸುದ್ದಿ ವೈದ್ಯರ ಕಟ್ಟೆಗೆ ಬರುವುದೇ ಇಲ್ಲ.

ಪರಂಪರೆಯ ವೈದ್ಯರು ಗಿಡದ ಗುಟ್ಟು ಬಿಡುವುದಿಲ್ಲ ಎಂಬ ದೂರು ಹಳೆಯದು. ಕದ್ದಾರೆಂಬ ಅವರ ಭಯ ಸುಳ್ಳೇನಲ್ಲ. ಗುಟ್ಟು ಬಿಡದೆಯೂ ರೋಗಿಗಳ ಲೆಕ್ಕ ಇಡಲು ಶುರುಮಾಡಬಹುದಲ್ಲ?

ಓದುಗರೇ, ಕಾಮಣಿ ಬಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಂಪರು, ತೊದಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾಟಿ ವೈದ್ಯರ ಬಳಿ ಹೋದರೆ ಆ ಪರೀಕ್ಷೆಯ ಚೀಟಿ ಮುಂದಿಟ್ಟು ‘ಬರಕೊಳ್ರೀ’ ಅನ್ನಿ. ಗುಣವಾಗದಿದ್ದರೂ ಒಮ್ಮೆ ಹೋಗಿ ಹೇಳಿ ಬನ್ನಿ.